ಕಥೆ ಬರೆಯುವ ಮಾಡದಕೆರೆಯ ಮಗಳಿಗೆ

ಮಗಳೇ,

ನಮ್ಮ ಚಿತ್ರದುರ್ಗ ಜಿಲ್ಲೆಯ ಒಬ್ಬ ಶಾಲಾ ಹುಡುಗ ನಾಲ್ಕಾಣೆ ಪಂಥಕ್ಕೆ ಬಿದ್ದು ಒಂದು ಕಥೆ ಬರೆದ. ಪಂಥ ಕಟ್ಟಿದವರು ಅವನ ದೊಡ್ಡಪ್ಪ. ಕಥೆಯ ಹೆಸರು ‘ಪುಟ್ಟನ ಚೆಂಡು’. ಆ ದೊಡ್ಡಪ್ಪ ಅಂದರೆ ಟಿ.ಎಸ್. ವೆಂಕಣ್ಣಯ್ಯನವರು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು, ಕುವೆಂಪು ಅವರ ಗುರುಗಳು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದ್ದು ಅವರಿಗೇ. ಆ ಹುಡುಗ ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ಸುಬ್ಬರಾಯ. ಮುಂದೆ ನಾಡೆಲ್ಲ ತ.ರಾ.ಸು. ಎಂದು ಕರೆದದ್ದು ಇವರನ್ನೇ.

ನಿನ್ನ ನೋಟ್‌ಬುಕ್ ಓದಿ ಮುಗಿಸಿದ ಮೇಲೆ ನನಗೆ ಮೊದಲು ನೆನಪಾದದ್ದು ಆ ನಾಲ್ಕಾಣೆ. ಅಂಥ ದೊಡ್ಡ ವಿದ್ವಾಂಸರು ಮನೆಯ ಹುಡುಗನ ಕಥೆಗೆ ಒಂದು ಬೆಲೆ ಕಟ್ಟಿದರು ಎನ್ನುವುದೇ ಸಣ್ಣ ಮಾತಲ್ಲ. ಪಂಥಕ್ಕೆ ಇನ್ನೊಂದು ಗುಣವೂ ಉಂಟು. ಅರ್ಧ ಬರೆದವನಿಗೆ ದುಡ್ಡು ಸಿಗುವುದಿಲ್ಲ. ಕಥೆ ಚೆನ್ನಾಗಿರಲಿ ಬಿಡಲಿ, ಕೊನೆಯ ಸಾಲಿನವರೆಗೆ ಹೋಗಿ ಮುಟ್ಟಿರಬೇಕು. ಚೆಂಡಿನ ಕಥೆ ಬರೆದ ಹುಡುಗ ಕೊನೆಯ ಸಾಲು ಮುಟ್ಟಿದ. ನಿನಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ನೀನು ಮುಗಿಸಬೇಕು.

ನಿನ್ನ ನೋಟ್‌ಬುಕ್ಕಿನ ತುಂಬ ಆರಂಭಗಳಿವೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಆರ್ಯನ್ ಎಂಬ ಹುಡುಗ ಕಾಫಿ ಕುಡಿಯುತ್ತ ಮಳೆ ನೋಡುವ ಕಥೆ ಎರಡು ಪುಟಕ್ಕೆ ನಿಂತಿದೆ. ಕೋಟೆಯೊಳಗಿನ ರಾಣಿಯ ಕಥೆ ಒಂದೂವರೆ ಪುಟ. ದೆವ್ವದ ಕಥೆಯಲ್ಲಿ ದೆವ್ವ ಬರುವ ಮೊದಲೇ ಹೊಸ ಪುಟ ತಿರುಗಿಸಿಬಿಟ್ಟಿದ್ದೀಯ. ನಿಮ್ಮ ಹೊಲದಲ್ಲಿ ಬೋರ್ ಕೊರೆಸಿದ ರಾತ್ರಿಯ ಕಥೆಯಂತೂ ಇನ್ನೇನು ಉಸಿರು ಹಿಡಿದು ಓದಬೇಕು ಅನ್ನುವಾಗ ನಿಂತುಹೋಗಿದೆ. ಅದರ ಕೆಳಗೆ ಪೆನ್ನಿನಲ್ಲಿ ಅಡ್ಡಗೆರೆ ಎಳೆದು ‘ಚೆನ್ನಾಗಿಲ್ಲ’ ಎಂದು ನೀನೇ ಬರೆದುಕೊಂಡಿದ್ದೀಯ. ಆ ಅಡ್ಡಗೆರೆ ಎಷ್ಟು ಒತ್ತಿ ಎಳೆದಿದ್ದೀಯ ಅಂದರೆ ಹಿಂದಿನ ಪುಟದಲ್ಲೂ ಅದರ ಗುರುತು ಮೂಡಿದೆ.

ಕನ್ನಡ ಮೇಷ್ಟ್ರಾಗಿ ನಾನು ಕಂಡ ಬರೆಯುವ ಮಕ್ಕಳಲ್ಲಿ ಬಹಳ ಜನರದ್ದು ಇದೇ ಪಾಡು. ಇದನ್ನು ಸೋಮಾರಿತನ ಎಂದು ನಾನು ಯಾವತ್ತೂ ತಿಳಿದಿಲ್ಲ. ನಿನ್ನ ವಯಸ್ಸಿನಲ್ಲಿ ಓದಿನ ರುಚಿ ಬೇಗ ಬೆಳೆಯುತ್ತದೆ. ಒಳ್ಳೆಯ ಕಥೆ ಹೇಗಿರುತ್ತದೆ ಎಂದು ಮನಸ್ಸಿಗೆ ಗೊತ್ತಾಗಿಬಿಟ್ಟಿರುತ್ತದೆ. ಕೈಗೆ ಮಾತ್ರ ಇನ್ನೂ ಆ ಪಳಗಿಕೆ ಬಂದಿರುವುದಿಲ್ಲ. ರಾತ್ರಿ ಬರೆಯುವಾಗ ಕಣ್ಣಿಗೆ ಕಟ್ಟಿದಂತಿದ್ದ ಕಥೆ ಬೆಳಿಗ್ಗೆ ಹೊಸದುರ್ಗದ ಬಸ್ಸಿನಲ್ಲಿ ಕೂತು ಓದಿದರೆ ಸಪ್ಪೆ ಎನಿಸುತ್ತದೆ. ಆಗ ನೀನು ‘ನನಗೆ ಬರೆಯೋಕೆ ಬರಲ್ಲ’ ಅಂದುಕೊಳ್ಳುತ್ತೀಯ. ನಾನು ಹೇಳುವುದನ್ನು ನಂಬು, ಸಪ್ಪೆ ಎಂದು ಗೊತ್ತಾದದ್ದು ನೀನು ಬರೆಯಬಲ್ಲೆ ಎನ್ನುವುದಕ್ಕೆ ಗುರುತು. ಆ ರುಚಿ ಇಲ್ಲದ ಮಕ್ಕಳೂ ಬರೆಯುತ್ತಾರೆ, ಅವರಿಗೆ ತಮ್ಮ ಎಲ್ಲ ಸಾಲೂ ಚೆನ್ನಾಗಿಯೇ ಕಾಣುತ್ತದೆ. ನಿನ್ನ ಸಂಕಟ ಅವರಿಗಿಲ್ಲ, ನಿನ್ನಂತೆ ಮುಂದೆ ಹೋಗುವ ದಾರಿಯೂ ಅವರಿಗೆ ಸುಲಭಕ್ಕೆ ಸಿಗುವುದಿಲ್ಲ.

ಕೈ ಪಳಗುವುದು ಮುಗಿಸಿದ ಕಥೆಗಳಿಂದ. ಆರಂಭ ಬರೆಯುವುದರಲ್ಲಿ ನೀನು ಈಗಾಗಲೇ ಜಾಣೆ, ಎಷ್ಟು ಸಲ ಬರೆದಿದ್ದೀಯ! ನಡುವನ್ನು ಹೇಗೆ ದಾಟಬೇಕು, ಕೊನೆಯಲ್ಲಿ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಮಾತ್ರ ನೀನು ಒಮ್ಮೆಯೂ ಮಾಡಿ ನೋಡಿಲ್ಲ. ಅದನ್ನು ಯಾವ ಮೇಷ್ಟ್ರೂ ಹೇಳಿಕೊಡಲಾರ. ಕೆಟ್ಟದಾಗಿಯಾದರೂ ಮುಗಿಸಿದ ಒಂದು ಕಥೆ ಹೇಳಿಕೊಡುತ್ತದೆ.

ನಿನ್ನ ಬೋರ್‌ವೆಲ್ಲಿನ ಕಥೆಗೇ ಬರೋಣ. ನಮ್ಮ ಸೀಮೆಯಲ್ಲಿ ಆ ಕಥೆ ಗೊತ್ತಿಲ್ಲದ ಮನೆ ಯಾವುದಿದೆ? ತೆಂಗು ಒಣಗುತ್ತದೆ, ಅಡಿಕೆ ಗಿಡದ ಸುಳಿ ಬೀಳುತ್ತದೆ, ಟ್ಯಾಂಕರ್ ನೀರು ತಂದು ತಂದು ಸಾಲ ಬೆಳೆಯುತ್ತದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ಹೇಳುವವರು ಬರುತ್ತಾರೆ. ಕಾಯಿ ನೆಟ್ಟಗೆ ನಿಂತ ಕಡೆ ಗೂಟ ಹೊಡೆಯುತ್ತಾರೆ. ಆಮೇಲೆ ಒಂದು ರಾತ್ರಿ ರಿಗ್ ಲಾರಿ ಬಂದು ನಿಲ್ಲುತ್ತದೆ. ನೀನು ಇದನ್ನೆಲ್ಲ ಕಂಡಿದ್ದೀಯ, ಅರ್ಧ ಚೆನ್ನಾಗಿಯೇ ಬರೆದಿದ್ದೀಯ. ನಿಲ್ಲಿಸಿದ ಕಡೆ ಹೀಗೆ ಬರೆದಿದ್ದೀಯ: ‘ನೀರು ಬರಲಿಲ್ಲ. ಅಪ್ಪನಿಗೆ ತುಂಬಾ ದುಃಖವಾಯಿತು. ಎಲ್ಲರೂ ಅತ್ತರು.’ ಅಲ್ಲೇ ನಿನಗೆ ಕಥೆ ಸತ್ತಂತೆ ಕಂಡದ್ದು. ಸರಿಯಾಗಿಯೇ ಕಂಡಿದೆ.

ಅದಕ್ಕೇ ಮೊನ್ನೆ ನಿನ್ನನ್ನು ಕೂರಿಸಿಕೊಂಡು ಕೇಳಿದೆ, ಆ ರಾತ್ರಿ ಅಪ್ಪ ನಿಜವಾಗಿ ಏನು ಮಾಡಿದ್ರಮ್ಮ ಅಂತ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದೆ. ಲಾರಿಯವರು ರಾಡುಗಳನ್ನು ಎತ್ತಿ ಇಡುವಾಗ ಅಪ್ಪ ಅವರಿಗೆ ಟೀ ಮಾಡಿಸಿಕೊಂಡು ಬಾ ಅಂದರು. ಹಾಲು ಇರಲಿಲ್ಲ. ಅಮ್ಮ ಪಕ್ಕದ ಮನೆಯವರನ್ನು ಎಬ್ಬಿಸಿ ಹಾಲು ತಂದಳು. ಮೈಯೆಲ್ಲ ಕಲ್ಲಿನ ಬಿಳಿ ಹಿಟ್ಟು ಮೆತ್ತಿಕೊಂಡಿದ್ದ ಆ ಕೆಲಸದ ಹುಡುಗರು ಟೀ ಕುಡಿದು, ‘ಬರ್ತೀವಿ ಯಜಮಾನ್ರೇ’ ಅಂದರು. ಅಪ್ಪ ಅವರಿಗೆ ದಾರಿಯಲ್ಲಿ ಹಳ್ಳ ಐತೆ, ನಿಧಾನಕ್ಕೆ ಹೋಗ್ರಪ್ಪ ಅಂದರು.

ಇದನ್ನು ಬರೆ. ‘ದುಃಖ’ ಎಂಬ ಮಾತೇ ಬೇಡ. ಬತ್ತಿದ ಬೋರಿನ ಪಕ್ಕ ನಿಂತು, ಕೊರೆದವರಿಗೆ ಟೀ ಕೊಡಿಸಿ, ದಾರಿ ಹುಷಾರು ಅಂದ ಮನುಷ್ಯನನ್ನು ನೀನು ಓದುಗನ ಎದುರಿಗೆ ನಿಲ್ಲಿಸಿದರೆ ಸಾಕು, ಉಳಿದದ್ದು ಓದುಗನ ಎದೆಗೇ ಬಿಟ್ಟದ್ದು. ಹಾಲಿಲ್ಲದ ಮನೆಯನ್ನು ತೋರಿಸಿದರೆ ಸಾಲದ ಲೆಕ್ಕವನ್ನೂ ಹೇಳಬೇಕಿಲ್ಲ. ಇಷ್ಟೆಲ್ಲ ನಿನಗೆ ಗೊತ್ತಿತ್ತು. ಕಥೆ ಎಂದರೆ ಇಂಥ ಸಣ್ಣಪುಟ್ಟದ್ದನ್ನು ಬರೆಯಬಾರದು, ದೊಡ್ಡ ಮಾತು ಬೇಕು ಎಂದು ಯಾರೋ ನಿನ್ನ ತಲೆಗೆ ತುಂಬಿದ್ದಾರೆ. ಪರೀಕ್ಷೆಯ ಪ್ರಬಂಧಗಳೂ ಸ್ವಲ್ಪ ಕಾರಣವಿರಬಹುದು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಬರೆದು ಬರೆದು, ಕಥೆಯ ಕೊನೆಗೂ ಒಂದು ಉಪಸಂಹಾರ ಬೇಕೆಂದು ನಿಮ್ಮ ಕೈ ತಾನೇ ಹೊರಡುತ್ತದೆ. ಕಥೆಯನ್ನು ಅಲ್ಲಿಂದ ಬಿಡಿಸಿಕೋ.

ಬರೆಯುವ ಸುಖದ ಬಗ್ಗೆ ನಿನಗೆ ನಾನು ಹೇಳಬೇಕಾಗಿಲ್ಲ, ನಿನಗೇ ಹೆಚ್ಚು ಗೊತ್ತು. ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಇಲ್ಲದ ಮನುಷ್ಯರು ಮಾತಾಡುವುದು ಕೇಳಿಸುತ್ತದೆ ಅಂದೆಯಲ್ಲ. ರಾಗಿ ಕಣದಲ್ಲಿ ಕೆಲಸ ಮಾಡುತ್ತಿದ್ದರೂ ತಲೆಯೊಳಗೆ ಇನ್ನೊಂದು ಊರು ನಡೆಯುತ್ತಿರುತ್ತದೆ ಅಂದೆ. ಒಂದು ಹೆಸರು ಇಟ್ಟ ತಕ್ಷಣ ಆ ಪಾತ್ರ ಎದ್ದು ಕೂತಂತಾಯಿತು ಎಂದು ಹೇಳುವಾಗ ನಿನ್ನ ಮುಖ ನೋಡಬೇಕಿತ್ತು. ಈ ಸುಖಕ್ಕೆ ದುಡ್ಡು ಬೇಡ, ಯಾರ ಅಪ್ಪಣೆಯೂ ಬೇಡ. ಮಳೆಯೇ ಕಾಣದ ವರ್ಷದಲ್ಲಿ ಕೂತು ಒಂದು ಪುಟದಲ್ಲಿ ಮಳೆ ಹುಯ್ಯಿಸಬಹುದು. ಮುಂದೆ ಮಾರ್ಕ್ಸು, ಕೆಲಸ, ಮದುವೆ ಎಂದು ನಿನ್ನ ಹೊತ್ತನ್ನೆಲ್ಲ ಬೇರೆಯವರು ಹಂಚಿಕೊಳ್ಳುವ ಕಾಲ ಬರುತ್ತದೆ. ಈಗಿನ ಈ ಸಂತೋಷವನ್ನು ಯಾರಿಗೂ ಬಿಟ್ಟುಕೊಡಬೇಡ.

ಆರ್ಯನ್‌ನ ಕಥೆ ಬಿಡು ಅಂತ ನಾನು ಹೇಳುವುದಿಲ್ಲ. ಓದಿದ್ದನ್ನು, ಸಿನಿಮಾದಲ್ಲಿ ಕಂಡದ್ದನ್ನು ಅನುಕರಿಸಿಯೇ ಎಲ್ಲರೂ ಬರೆಯಲು ಕಲಿಯುವುದು. ಆದರೆ ಆ ಎರಡು ಪುಟವನ್ನೂ ಬೋರಿನ ಎರಡು ಪುಟವನ್ನೂ ಅಕ್ಕಪಕ್ಕ ಇಟ್ಟು ಓದು. ಆರ್ಯನ್‌ನ ಮನೆಯಲ್ಲಿ ಯಾವ ಪಾತ್ರೆ ಎಲ್ಲಿದೆ ಎಂದು ನಿನಗೆ ಗೊತ್ತಿಲ್ಲ. ಅವನ ಕಿಟಕಿಯಿಂದ ಏನು ವಾಸನೆ ಬರುತ್ತದೆಂದು ಗೊತ್ತಿಲ್ಲ. ಅದಕ್ಕೇ ಅವನು ಎರಡು ಪುಟದ ತನಕ ಕಾಫಿ ಕುಡಿಯುತ್ತಲೇ ಇದ್ದಾನೆ. ನಿಮ್ಮ ಹೊಲದಲ್ಲಿ ನಿನಗೆ ಗೊತ್ತಿಲ್ಲದ್ದು ಏನೂ ಇಲ್ಲ.

ತ.ರಾ.ಸು. ಅವರನ್ನೇ ನೋಡು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂದು ದುರ್ಗದ ಪಾಳೆಯಗಾರರ ಕಥೆಗೆ ಕೈಹಾಕಿದವರು ಮತ್ತೆ ಮತ್ತೆ ಅದೇ ಕೋಟೆಗೆ ಹಿಂದಿರುಗಿದರು. 1779ರಲ್ಲಿ ದುರ್ಗ ಹೈದರಾಲಿಯ ವಶವಾದ ಕೊನೆಯ ಕಥೆಯನ್ನು ‘ದುರ್ಗಾಸ್ತಮಾನ’ ಎಂದು ಬರೆದರು, ಅದು 1982ರಲ್ಲಿ ಪುಸ್ತಕವಾಯಿತು. 1984ರಲ್ಲಿ ಅವರು ತೀರಿಕೊಂಡರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಆ ಕಾದಂಬರಿಗೆ ಬಂದದ್ದು ಅವರು ಹೋದ ಮೇಲೆ, 1985ರಲ್ಲಿ. ಅದೇ ದುರ್ಗದ ಬೀದಿಯಿಂದ ‘ನಾಗರಹಾವು’ ಬಂತು. 1972ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಆಗಿ ರಾಮಾಚಾರಿ, ಚಾಮಯ್ಯ ಮೇಷ್ಟ್ರು ಮನೆಮನೆಗೂ ಬಂದರು. ಒಂದು ಊರು ಒಬ್ಬ ಬರಹಗಾರನಿಗೆ ಜೀವಮಾನಕ್ಕೆ ಸಾಕಾಯಿತು. ಮಾಡದಕೆರೆಯಲ್ಲಿ ಏನಿದೆ ಸಾರ್ ಬರೆಯೋಕೆ ಎಂದು ನೀನು ಕೇಳಿದ್ದಕ್ಕೆ ಇದನ್ನೆಲ್ಲ ಹೇಳಿದೆ.

ಏನಿದೆ ಎಂದು ಕೇಳಿದ್ದರಿಂದ ಒಂದನ್ನು ಹೇಳಿಯೇಬಿಡುತ್ತೇನೆ. ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಎಷ್ಟೋ ಅಜ್ಜ ಅಜ್ಜಿಯರು ಕೋಡಿಯ ಮಾತು ಕೇಳುತ್ತಲೇ ಬೆಳೆದು, ಅದನ್ನು ಕಾಣದೆಯೇ ಮಣ್ಣಾದರು. 2022ರಲ್ಲಿ ಹಿರಿಯೂರಿನ ಕಡೆ ಜನ ಜಾತ್ರೆಯಂತೆ ನೋಡಲು ಹೋದರು, ಬಾಗಿನ ಬಿಟ್ಟರು. ಅದೇ ಹೊತ್ತಿಗೆ ನಮ್ಮ ಹೊಸದುರ್ಗ ತಾಲ್ಲೂಕಿನ ಕೆಲವು ಕಡೆ ಹಿನ್ನೀರು ಹೊಲ ತೋಟಗಳಿಗೆ ನುಗ್ಗಿತು. ಒಂದೇ ವೇದಾವತಿಯ ನೀರು, ಒಂದು ಮನೆಯಲ್ಲಿ ಹೋಳಿಗೆ, ಇನ್ನೊಂದು ಮನೆಯಲ್ಲಿ ಮುಳುಗಿದ ತೋಟ. ಆ ಎರಡು ಮನೆಗೂ ಬೀಗತನ ಇದ್ದರೆ? ಹಿರಿಯೂರಿನಿಂದ ಮಗಳು ಫೋನ್ ಮಾಡಿ ಅಪ್ಪಾ ನೋಡೋಕೆ ಬಾ ಅಂದರೆ ಈ ಕಡೆಯಿಂದ ಅಪ್ಪ ಏನು ಹೇಳುತ್ತಾನೆ? ಬರೆಯುವವಳು ನೀನು, ಯೋಚನೆ ಮಾಡು.

ವಿಷಯ ದೊಡ್ಡದಾಗಿರಬೇಕೆಂಬ ಹಟವೂ ಬೇಡ. ಮಾಸ್ತಿಯವರ ‘ರಂಗನ ಮದುವೆ’ 1910ರದ್ದು, ಆಗ ಅವರಿಗೆ ಹತ್ತೊಂಬತ್ತರ ಆಸುಪಾಸು. ಹಳ್ಳಿಗೆ ಮರಳಿದ ಒಬ್ಬ ಹುಡುಗನಿಗೆ ಮದುವೆ ಮಾಡಿಸುವ ಉಪಾಯ, ಅಷ್ಟೇ ಕಥೆ. ಕನ್ನಡದ ಸಣ್ಣಕಥೆಯ ಮಾತು ಬಂದಾಗಲೆಲ್ಲ ಇವತ್ತಿಗೂ ಅದರ ಹೆಸರು ಬರುತ್ತದೆ. ದೂರದ ಅಮೆರಿಕದಲ್ಲಿ, ಟಲ್ಸಾ ಎಂಬ ಊರಿನ ಎಸ್.ಇ. ಹಿಂಟನ್ ಎಂಬ ಹುಡುಗಿ ಹದಿನೈದನೇ ವಯಸ್ಸಿಗೆ ಕಾದಂಬರಿ ಬರೆಯಲು ಕೂತಳು. ತನ್ನ ಶಾಲೆಯ ಹುಡುಗರು ಬಡವರ ಗುಂಪು, ಉಳ್ಳವರ ಗುಂಪು ಎಂದು ಹೊಡೆದಾಡಿಕೊಳ್ಳುವುದನ್ನು ಕಂಡಿದ್ದಳು, ಅದನ್ನೇ ಬರೆದಳು. ‘ದಿ ಔಟ್‌ಸೈಡರ್ಸ್’ ಎಂಬ ಆ ಪುಸ್ತಕ 1967ರಲ್ಲಿ ಬಂದಾಗ ಅವಳಿಗೆ ಹದಿನೆಂಟು. ಹುಡುಗಿ ಬರೆದದ್ದೆಂದು ತಿಳಿದರೆ ಓದುವವರು ಹಗುರವಾಗಿ ನೋಡಿಯಾರೆಂದು ಹೆಸರಿನ ಬದಲು ಬರೀ ಇನಿಷಿಯಲ್ ಹಾಕಿದರು. ನೀನು ನಿನ್ನ ಪೂರ್ತಿ ಹೆಸರು ಬರೆಯಬೇಕು, ಊರಿನ ಹೆಸರೂ ಸೇರಿಸಿ.

ಇನ್ನು ಭಾಷೆ. ನಿನ್ನ ಕಥೆಯಲ್ಲಿ ಅಜ್ಜಿ ಪಠ್ಯಪುಸ್ತಕದಂತೆ ಮಾತಾಡುತ್ತಾಳೆ. ‘ಎಲ್ಲಿಗೆ ಹೋಗಿದ್ದೀಯೇ, ಊಟ ಮಾಡುವುದಿಲ್ಲವೇ’ ಎನ್ನುತ್ತಾಳೆ. ನಿಮ್ಮ ಅಜ್ಜಿ ನನಗೆ ಗೊತ್ತಿಲ್ಲವೇನಮ್ಮ? ‘ಎಲ್ಲೋಗಿದ್ಯೇ ಇಷ್ಟೊತ್ತು, ಉಣ್ಣಾಕಿಲ್ವಾ’ ಎನ್ನುವವಳು ಅವಳು. ಹಾಗೇ ಬರೆ. ಕಥೆ ಹೇಳುವ ನಿನ್ನ ಮಾತು ನಿನ್ನಿಷ್ಟದ ಬರವಣಿಗೆಯಲ್ಲಿರಲಿ, ಅಜ್ಜಿಯ ಬಾಯಿಯನ್ನು ಅಜ್ಜಿಗೇ ಬಿಡು. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳನ್ನು ಕುರಿತು ಬರೆದ ಪುಸ್ತಕಕ್ಕೆ ‘ಯೇಗ್ದಾಗೆಲ್ಲಾ ಐತೆ’ ಎಂದೇ ಹೆಸರಿಟ್ಟರು. ಆ ಸ್ವಾಮಿಗಳ ಹಳ್ಳಿ ಮಾತನ್ನು ತಿದ್ದಿ ಬರೆದಿದ್ದರೆ ಆ ಪುಸ್ತಕಕ್ಕೆ ಆ ಜೀವ ಬರುತ್ತಿರಲಿಲ್ಲ. ಧಾರವಾಡದವರೂ ಮಂಗಳೂರಿನವರೂ ಅದನ್ನು ಓದಿದರು, ಯಾರೂ ಅರ್ಥವಾಗಲಿಲ್ಲವೆಂದು ಕೆಳಗಿಡಲಿಲ್ಲ. ಅದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವಳಲ್ಲ. ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದಳು. ಕೃಷ್ಣಮೂರ್ತಿ ಹನೂರರಂಥವರು ಹೋಗಿ ಕೂತು ಕೇಳಿ ಬರೆದುಕೊಂಡರು. ನಮ್ಮ ಸುತ್ತಿನ ಗೊಲ್ಲರಹಟ್ಟಿಗಳಲ್ಲೂ ಹಾಗೆ ಹಾಡುವ, ಕಥೆ ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ಭಾನುವಾರ ಅವರ ಹತ್ತಿರ ಹೋಗಿ ಕೂತು ಕೇಳು. ಅವರು ಕೇಳುಗರನ್ನು ಹೇಗೆ ಕಾಯಿಸುತ್ತಾರೆ, ಎಲ್ಲಿ ತಡೆಯುತ್ತಾರೆ, ಎಲ್ಲಿ ಓಡಿಸುತ್ತಾರೆ ನೋಡು. ನಡು ದಾಟಲು ಬಾರದ ನಿನಗೆ ಅದಕ್ಕಿಂತ ದೊಡ್ಡ ಪಾಠ ಇಲ್ಲ.

ಇಂಗ್ಲಿಷಿನಲ್ಲಿ ಬರೆದರೆ ಮರ್ಯಾದೆ ಜಾಸ್ತಿ ಎಂದು ನಿನ್ನ ಗೆಳತಿ ಹೇಳಿದಳಂತೆ. ಇಂಗ್ಲಿಷ್ ಚೆನ್ನಾಗಿ ಕಲಿ, ಓದು, ಬೇಕಾದರೆ ಬರೆ. ಕುವೆಂಪು ಕೂಡ ಮೊದಲು ಇಂಗ್ಲಿಷಿನಲ್ಲೇ ಪದ್ಯ ಬರೆದವರು. 1922ರಲ್ಲಿ, ಇನ್ನೂ ಹದಿನೆಂಟು ತುಂಬುವ ಮೊದಲು, ‘ಬಿಗಿನರ್ಸ್ ಮ್ಯೂಸ್’ ಎಂಬ ಪುಸ್ತಕ ಪ್ರಕಟವಾಗಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಅದನ್ನು ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕಸಿನ್ಸ್ ಕೇಳಿ, ಅದರಲ್ಲೇ ಬರೆಯಿರಿ ಎಂದರು. ಹತ್ತೊಂಬತ್ತರ ಹುಡುಗ ಆ ಮಾತನ್ನು ತಳ್ಳಿಹಾಕಲಿಲ್ಲ. ಮಲೆನಾಡಿನ ಕಾಡು, ಹೊಲೆಯರ ಕೇರಿ, ಗೌಡರ ಮನೆ ಎಲ್ಲವೂ ಕನ್ನಡ ಕಾದಂಬರಿಗೆ ಬಂದದ್ದು ಆಮೇಲೆ.

ಮಾತು ಬರೆಯುವುದನ್ನು ಕಲಿಯಲು ನಮಗೆ ಇನ್ನೊಂದು ಅನುಕೂಲವಿದೆ. ಸಾಣೇಹಳ್ಳಿ ನಮ್ಮ ತಾಲ್ಲೂಕಿನದೇ. ಅಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ ಶುರು ಮಾಡಿದ ಶಿವಸಂಚಾರ ತಂಡ ವರ್ಷವರ್ಷ ಹೊಸ ನಾಟಕ ಕಟ್ಟಿಕೊಂಡು ನಾಡೆಲ್ಲ ಸುತ್ತುತ್ತದೆ. ನವೆಂಬರಿನ ನಾಟಕೋತ್ಸವಕ್ಕೆ ಮನೆಯವರನ್ನು ಕರೆದುಕೊಂಡು ಹೋಗು. ನಾಟಕದಲ್ಲಿ ‘ಅವನಿಗೆ ಸಿಟ್ಟು ಬಂತು’ ಎಂದು ಯಾರೂ ಹೇಳುವುದಿಲ್ಲ. ಆಡಿದ ಮಾತಿನಲ್ಲಿ, ಆಡದೆ ಉಳಿಸಿದ ಮಾತಿನಲ್ಲಿ ಎಲ್ಲ ಗೊತ್ತಾಗಬೇಕು. ನಿನ್ನ ಪಾತ್ರಗಳು ತಮ್ಮ ಮನಸ್ಸಿನಲ್ಲಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತವೆ. ನಮ್ಮ ಊರಿನಲ್ಲಿ ಯಾರಾದರೂ ಹಾಗೆ ಮಾತಾಡುವುದುಂಟೇ? ಸಾಲ ಕೇಳಲು ಬಂದವರು ಮಳೆಯಿಂದ ಶುರು ಮಾಡುತ್ತಾರೆ.

ಮನೆಯ ಮಾತಿಗೆ ಬರುತ್ತೇನೆ. ನಿನ್ನ ಅಮ್ಮ ನೋಟ್‌ಬುಕ್ ಓದಿ, ‘ಈ ಹುಡುಗ ಯಾರು’ ಎಂದು ಎರಡು ದಿನ ಮಾತು ಬಿಟ್ಟಿದ್ದು ನನಗೆ ಗೊತ್ತು. ಅದರಿಂದ ನೀನು ಆ ಹುಡುಗನಿದ್ದ ಕಥೆಯನ್ನೇ ಹರಿದೆ. ಅಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡ. ಹೆಣ್ಣುಮಗಳ ತಾಯಿಗೆ ಊರ ಬಾಯಿಯ ಹೆದರಿಕೆ ಇರುತ್ತದೆ, ಅದನ್ನು ಅವಳು ಎಲ್ಲಿಂದಲೋ ಕಲಿತು ಬಂದಿಲ್ಲ, ಅನುಭವಿಸಿ ಬಂದಿದ್ದಾಳೆ. ಒಂದು ಕೆಲಸ ಮಾಡು. ಮುಗಿಸಿದ ಒಂದು ಕಥೆಯನ್ನು, ಅಜ್ಜಿಯದೋ ಬೋರಿನದೋ, ನೀನೇ ಅವಳಿಗೆ ಓದಿ ಹೇಳು. ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಕೂತು ಓದು. ಕಥೆ ಎಂದರೆ ಗುಟ್ಟಿನ ಕಾಗದವಲ್ಲ ಎಂದು ಅವಳಿಗೆ ಆಗ ತಿಳಿಯುತ್ತದೆ. ಹರಿದ ಕಥೆಯನ್ನು ಮತ್ತೆ ಬರೆಯುವ ದಾರಿಯೂ ತೆರೆಯುತ್ತದೆ.

ಈ ಪತ್ರ ಓದುವ ತಾಯಿತಂದೆಯರಿಗೂ ಕೈಮುಗಿದು ಹೇಳುತ್ತೇನೆ. ಮಕ್ಕಳ ನೋಟ್‌ಬುಕ್ಕನ್ನು ಕೇಳದೆ ತೆಗೆಯಬೇಡಿ. ಓದಿದರೂ ಪೊಲೀಸರಂತೆ ಓದಬೇಡಿ. ಹದಿನಾರರ ಮಗು ಪ್ರೀತಿಯ ಬಗ್ಗೆ, ಸಾವಿನ ಬಗ್ಗೆ ಬರೆಯುವುದು ಸಹಜ. ಅದನ್ನು ಕಾಗದದ ಮೇಲೆ ಇಟ್ಟು ನೋಡುವ ಮಗು ನಿಮ್ಮ ಕೈತಪ್ಪಿ ಹೋಗುತ್ತಿಲ್ಲ. ಆದರೆ ದಿನಗಟ್ಟಲೆ ಊಟ ನಿದ್ದೆ ಬಿಟ್ಟು ಸಾವಿನ ಮಾತನ್ನೇ ಬರೆಯುತ್ತಿದ್ದರೆ, ಬೈಯದೆ ಹತ್ತಿರ ಕೂರಿಸಿಕೊಂಡು ಮಾತಾಡಿಸಿ. ಮಾತಿನಿಂದ ಆಗದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ನಾಚಿಕೆ ಬೇಡ.

ಮಗಳೇ, ಊರು ಚಿಕ್ಕದು ಎನ್ನುವುದನ್ನೂ ನೀನು ಮರೆಯಬಾರದು. ಇಲ್ಲಿ ಹೆಸರು ಬದಲಾಯಿಸಿದರೆ ಸಾಲದು, ಮನೆಯ ಮುಂದಿನ ಬೇವಿನ ಮರ ಹೇಳಿದರೂ ಯಾರ ಮನೆ ಎಂದು ಗೊತ್ತಾಗುತ್ತದೆ. ಒಬ್ಬಳ ಸಂಕಟವನ್ನು ಅವಳ ಒಪ್ಪಿಗೆಯಿಲ್ಲದೆ ಬೀದಿಗೆ ತರುವ ಹಕ್ಕು ನಮಗಿಲ್ಲ. ಇಬ್ಬರು ಮೂವರನ್ನು ಕೂಡಿಸಿ ಒಬ್ಬಳನ್ನು ಮಾಡು, ಊರು ಬದಲಿಸು, ಕಸುಬು ಬದಲಿಸು. ಹಾಗೆ ಮಾಡುವಾಗಲೇ ಕಂಡದ್ದು ಹೋಗಿ ಕಟ್ಟಿದ್ದು ಬರುತ್ತದೆ. ನನ್ನ ಅನುಭವದಲ್ಲಿ ಒಳ್ಳೆಯ ಪಾತ್ರಗಳು ಹುಟ್ಟುವುದು ಅಲ್ಲೇ.

ಫೋನಿಗೆ ಹೇಳಿದರೆ ಅದೇ ಕಥೆ ಬರೆದುಕೊಡುತ್ತದೆ ಎಂದು ನಿನ್ನ ತಮ್ಮ ತೋರಿಸಿದನಂತೆ. ಬರೆದುಕೊಟ್ಟೀತು. ಆದರೆ ಹಾಲಿಗಾಗಿ ಪಕ್ಕದ ಮನೆಯ ಬಾಗಿಲು ತಟ್ಟಿದ ನಿನ್ನಮ್ಮನನ್ನು ಅದು ಕಂಡಿಲ್ಲ. ಇನ್ನೂ ಒಂದು ಮಾತು, ಅದು ಬರೆದರೆ ಅದರ ಕೈ ಪಳಗೀತು, ನಿನ್ನದು ಇದ್ದಲ್ಲೇ ಇರುತ್ತದೆ. ಓದಲು, ಅರ್ಥ ತಿಳಿಯಲು ಫೋನ್ ಬಳಸು. ಕಥೆಯ ಸಾಲು ಮಾತ್ರ ನಿನ್ನದೇ ಇರಲಿ, ತಪ್ಪಿದ್ದರೂ ಸರಿಯೆ.

ಮುಗಿಸಿದ ಮೇಲೆ ತಿದ್ದುವುದು. ಆನ್ ಫ್ರಾಂಕ್ ಹೆಸರು ಕೇಳಿದ್ದೀಯ. ನಾಜಿಗಳಿಗೆ ಹೆದರಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಡಗಿದ್ದ ಆ ಹುಡುಗಿ ಡೈರಿ ಬರೆದಳೆಂದು ಎಲ್ಲರಿಗೂ ಗೊತ್ತು, ಅದನ್ನು ಅವಳೇ ಮತ್ತೆ ಬರೆದಳೆಂದು ಗೊತ್ತಿರುವವರು ಕಡಿಮೆ. 1944ರ ವಸಂತದಲ್ಲಿ, ಯುದ್ಧ ಮುಗಿದ ಮೇಲೆ ಜನರ ಡೈರಿ, ಕಾಗದಗಳನ್ನು ಕಲೆಹಾಕುತ್ತೇವೆಂದು ಡಚ್ ಮಂತ್ರಿಯೊಬ್ಬರು ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿ, ಬಿಡಿ ಹಾಳೆಗಳ ಮೇಲೆ ಮೊದಲಿನಿಂದ ತಿದ್ದಿ ಬರೆಯತೊಡಗಿದಳು. ಬೇಡದ್ದನ್ನು ಬಿಟ್ಟಳು, ಹೆಸರು ಬದಲಿಸಿದಳು. ಸಣ್ಣ ಕಥೆಗಳನ್ನೂ ಬರೆದಳು. ಆಗ ಅವಳಿಗೆ ಹದಿನೈದು ತುಂಬುತ್ತಿತ್ತು. ಹೊರಗೆ ಕಾಲಿಡಲಾಗದ ಆ ಮಗುವಿಗೆ ಅಷ್ಟು ಶ್ರದ್ಧೆ ಇತ್ತು. ನೀನು ಬರೆದ ಕಥೆಯನ್ನು ಹದಿನೈದು ದಿನ ಟ್ರಂಕಿನಲ್ಲಿಟ್ಟುಬಿಡು. ಆಮೇಲೆ ತೆಗೆದು ಗಟ್ಟಿಯಾಗಿ ಓದು. ನಾಲಗೆ ಎಡವಿದ ಕಡೆ ಗುರುತು ಹಾಕು, ಅಲ್ಲಿ ತಿದ್ದು. ಬೇರೆ ಉಪಾಯ ನನಗೆ ತಿಳಿಯದು.

ಪ್ರಕಟಣೆಗೆ ಅವಸರ ಬೇಡ ಎಂದರೆ ನಿನಗೆ ಬೇಸರವಾಗುತ್ತದೆ ಎಂದು ಗೊತ್ತು. ಕಳಿಸು, ಬೇಡವೆನ್ನುವುದಿಲ್ಲ. ಸುಧಾ, ಮಯೂರ, ತುಷಾರ, ಪತ್ರಿಕೆಗಳ ಭಾನುವಾರದ ಪುರವಣಿ, ದೀಪಾವಳಿಯ ಕಥಾಸ್ಪರ್ಧೆಗಳು ಎಲ್ಲವೂ ಇವೆ. ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೊಂಡು ಕಳಿಸು. ಬಹಳ ಸಲ ಉತ್ತರವೇ ಬರುವುದಿಲ್ಲ. ಬಾರದಿದ್ದರೆ ಆ ಕಥೆ ಕೆಟ್ಟದ್ದೆಂದು ತೀರ್ಮಾನಿಸಬೇಡ, ಇನ್ನೊಂದು ಬರೆಯಲು ಕೂರು. ಹಾಸನದ ಬಾನು ಮುಷ್ತಾಕ್ ಅವರು ಶಾಲೆಯಲ್ಲಿ ಓದುವಾಗಲೇ ಕಥೆ ಬರೆದವರು, ‘ಪ್ರಜಾಮತ’ದಲ್ಲಿ ಅವರ ಕಥೆ ಬಂದಾಗ ವಯಸ್ಸು ಇಪ್ಪತ್ತಾರು. ಎಪ್ಪತ್ತು ದಾಟಿದ ಮೇಲೆ, 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಒಂದು ಕಥಾಸಂಕಲನಕ್ಕೆ ಬಂದದ್ದು ಅದೇ ಮೊದಲು, ಕನ್ನಡಕ್ಕೂ ಮೊದಲು. ಶಾಲೆಯ ಆ ಕಥೆಗೂ ಈ ಪ್ರಶಸ್ತಿಗೂ ನಡುವೆ ಎಷ್ಟು ವರ್ಷ ನೋಡು. ಅಷ್ಟೂ ವರ್ಷ ಅವರು ಮನೆ, ಮಕ್ಕಳು, ವಕೀಲಿಕೆ, ಹೋರಾಟಗಳ ನಡುವೆ ಬರೆಯುತ್ತ ಬಂದರು. ನಿನಗೆ ಹದಿನೆಂಟು ತುಂಬಿ ಒಂದು ಸಂಕಲನಕ್ಕಾಗುವಷ್ಟು ಕಥೆಗಳಾದಾಗ, ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕೋಣ. ಅಲ್ಲಿಯವರೆಗೆ ಸಾಲ ಮಾಡಿ ಪುಸ್ತಕ ಅಚ್ಚು ಹಾಕಿಸುವ ಮಾತಿಗೆ ಯಾರು ಕರೆದರೂ ಹೋಗಬೇಡ.

ಓದುವುದನ್ನು ನಿಲ್ಲಿಸಬೇಡ. ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರಾಗಿದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಬೇಕಾದ ಪುಸ್ತಕ ಅಲ್ಲಿಲ್ಲದಿದ್ದರೆ ಚೀಟಿ ಬರೆದುಕೊಟ್ಟು ತರಿಸಿ ಎಂದು ಕೇಳು, ಒಬ್ಬಳೇ ಕೇಳಬೇಡ, ನಾಲ್ಕು ಮಕ್ಕಳು ಸೇರಿ ಕೇಳಿ. ನನ್ನ ಕಪಾಟು ಇದ್ದೇ ಇದೆ. ಮಾಸ್ತಿಯವರ ಕಥೆಗಳ ಮೊದಲ ಸಂಪುಟ, ತ.ರಾ.ಸು. ಅವರ ‘ಹಂಸಗೀತೆ’, ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ತೆಗೆದಿಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗು.

ಮಾರ್ಚಿನಲ್ಲಿ ನಿನ್ನ ಪರೀಕ್ಷೆ. ಅಲ್ಲಿಯವರೆಗೆ ವಾರಕ್ಕೊಂದು ಸಂಜೆ ಕಥೆಗೆ ಇಟ್ಟುಕೋ, ಉಳಿದ ಹೊತ್ತು ಓದಿಗೆ. ಅಪ್ಪ ಬೋರಿನ ಸಾಲ ತೀರಿಸುತ್ತಲೇ ನಿನ್ನ ಕಾಲೇಜಿನ ಫೀಸನ್ನೂ ಕಟ್ಟುತ್ತಿದ್ದಾರೆ, ಅವರಿಗೆ ನೀನು ಪಾಸಾಗುವುದು ಬೇಕು, ನನಗೂ ಬೇಕು. ಪರೀಕ್ಷೆ ಮುಗಿದ ವಾರವೇ ಬೋರಿನ ಕಥೆ ಮೊದಲ ಸಾಲಿನಿಂದ ಮತ್ತೆ ಶುರು ಮಾಡು, ಹಳೆಯ ಪುಟ ನೋಡದೆ. ಯುಗಾದಿ ಕಳೆದ ಮೇಲೆ ಮುಗಿದ ಕಥೆ ತೆಗೆದುಕೊಂಡು ಬಾ. ನಾಲ್ಕಾಣೆ ಈಗ ಚಲಾವಣೆಯಲ್ಲಿಲ್ಲ, ನಾನು ನೂರು ರೂಪಾಯಿ ಪಂಥ ಕಟ್ಟುತ್ತೇನೆ. ಕಥೆ ಹೇಗಿದೆ ಎಂಬುದು ಆಮೇಲಿನ ಮಾತು, ಮುಗಿದಿದ್ದರೆ ದುಡ್ಡು ನಿನ್ನದು. ಮುಗಿಯದಿದ್ದರೆ ಹಾಗೇ ತೆಗೆದುಕೊಂಡು ಬಾ, ಎಲ್ಲಿ ನಿಂತಿತು ಎಂದು ಇಬ್ಬರೂ ಕೂತು ನೋಡೋಣ.